ಆಸ್ಪತ್ರೆಯ ಬಾಗಿಲಲ್ಲಿ ಕೇಳಿಸಿದ ‘ಕಾಯ್’

ನನ್ನ ಗಂಡ ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ನಾನು ಇದೇ ಪುಣೆಯಲ್ಲಿ ಮೂರು ಮಳೆಗಾಲ ಕಳೆದೆ. ಕೆಟ್ಟ ಸುದ್ದಿ ಬಂದಿದ್ದರೆ ಅತ್ತು ಮುಗಿಸಬಹುದಿತ್ತು. ಒಳ್ಳೆಯ ಸುದ್ದಿ ಬಂದಿದ್ದರೆ ಕೇರಿಗೆಲ್ಲ ಸಕ್ಕರೆ ಹಂಚಬಹುದಿತ್ತು. ಸುದ್ದಿಯೇ ಬಾರದಿದ್ದರೆ ಏನು ಮಾಡಬೇಕು ಎಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಕರ್ತನಲ್ಲಿ ಪ್ರಿಯರಾದವರೇ, ಅದು ಹಿಂದಿನ ಮಹಾಯುದ್ಧದ ಮಾತು. ಈಗ ಮತ್ತೊಂದು ಯುದ್ಧ ನಡೆಯುತ್ತಿದೆ, ನಮ್ಮ ಸಭೆಯ ಎಷ್ಟೋ ಮನೆಗಳ ಗಂಡುಮಕ್ಕಳು ಸಮುದ್ರದಾಚೆ ಇದ್ದಾರೆ. ಹೋದ ತಿಂಗಳು ಹೆಂಗಸರ ಪ್ರಾರ್ಥನಾಕೂಟ ಮುಗಿದ ಮೇಲೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ನನ್ನ ಸೆರಗು ಹಿಡಿದು ನಿಲ್ಲಿಸಿ, ನಾಳೆ ಏನಾಗುತ್ತದೋ ಗೊತ್ತಿಲ್ಲದೆ ದಿನಾ ಬೆಳಿಗ್ಗೆ ಹೇಗೆ ಏಳುವುದು ಎಂದು ಕೇಳಿದಳು. ನನಗೆ ಉತ್ತರ ಬರಲಿಲ್ಲ. ಈ ಮಾರ್ಥಮ್ಮನಿಗೆ ಮಾತು ಬಾರದೇ ಹೋದದ್ದನ್ನು ಮೊದಲ ಸಲ ನೋಡಿದ ನಮ್ಮ ಸಭೆಯ ಪಾದ್ರಿ ಅಯ್ಯನವರು, ಬಾಯಿಂದ ಆಗದಿದ್ದರೆ ಬರೆದಾದರೂ ಕೊಡಿ ಎಂದರು. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನಮ್ಮದು ಗದಗ ಬೆಟಗೇರಿಯ ನೇಕಾರರ ಮನೆತನ. ನನ್ನ ಮಾವನವರ ಕಾಲದಲ್ಲೇ ಮನೆ ಕ್ರಿಸ್ತನ ಮಾರ್ಗಕ್ಕೆ ಬಂದಿತ್ತು. ನಮ್ಮವರು, ಅಂದರೆ ಸಮುವೇಲ, ಮಗ್ಗ ಬಿಟ್ಟು ಪುಣೆಯ ಲಷ್ಕರದಲ್ಲಿ ಡೇರೆ ಹೊಲಿಯುವ ಕೆಲಸಕ್ಕೆ ಸೇರಿದರು. ಕ್ಯಾಂಪಿನಲ್ಲಿ ಕನ್ನಡದ ಆರಾಧನೆ ನಡೆಯುವ ನಮ್ಮ ಸಭೆಯ ಗುಡಿಯ ಹಿಂದೆ ನಮಗೊಂದು ಒಂಟಿ ಕೋಣೆಯ ಖೋಲಿ ಸಿಕ್ಕಿತು. ಮಗಳು ಕೃಪಾ ಅಲ್ಲಿಯೇ ಹುಟ್ಟಿದಳು. ಅವಳು ಗೋಡೆ ಹಿಡಿದು ನಡೆಯಲು ಕಲಿಯುವ ಹೊತ್ತಿಗೆ ಯುದ್ಧ ಶುರುವಾಯಿತು. ಗಾಯಗೊಂಡವರನ್ನು ಹೊತ್ತು ತರುವ ಪಡೆಗೆ ಆಳು ಬೇಕೆಂದು ಕರೆ ಬಂದಾಗ ನಮ್ಮವರು ನನ್ನನ್ನು ಕೇಳದೆ ಹೆಸರು ಕೊಟ್ಟು ಬಂದರು. ನಾನು ಎರಡು ದಿನ ಅವರೊಡನೆ ಮಾತು ಬಿಟ್ಟೆ. ಮೂರನೆಯ ದಿನ ಅವರು, “ಬಂದೂಕ ಹೊರಾಕ ಹೊಂಟಿಲ್ಲ, ಮನಶ್ಯಾರನ್ನ ಹೊರಾಕ ಹೊಂಟೀನಿ” ಎಂದರು. ಅದಕ್ಕೆ ನಾನು ಏನು ಹೇಳಲಿ? ಮುಂಬಯಿ ಗಾಡಿ ಹತ್ತಿಸಿ ಬಂದೆ.

ಒಂದು ವರ್ಷ ಸಮುದ್ರದಾಚೆಯ ಬಸರಾ ಬಂದರಿನಿಂದ ಪತ್ರಗಳು ಬಂದವು. ಖರ್ಜೂರದ ತೋಟ, ಉಪ್ಪು ನೀರು, ನೊಣ, ಕೃಪಾಗೆ ಮುತ್ತು. ಆಮೇಲೆ ಅವರ ಪಡೆ ನದಿಯ ಮೇಲ್ಗಡೆಯ ಒಂದು ಊರಲ್ಲಿ ಮುತ್ತಿಗೆಗೆ ಸಿಕ್ಕಿತೆಂದು ಬಜಾರಿನಲ್ಲಿ ಕೇಳಿದೆವು. ಬೇಸಿಗೆಯಲ್ಲಿ ಆ ಊರು ಶತ್ರುವಿನ ವಶವಾಯಿತು, ಉಳಿದವರನ್ನು ಸೆರೆಹಿಡಿದು ಮರುಭೂಮಿಯ ದಾರಿಯಲ್ಲಿ ನಡೆಸಿಕೊಂಡು ಹೋದರು ಎಂದರು. ಅವರೊಳಗೆ ಸಮುವೇಲ ಇದ್ದಾರೋ, ಮೊದಲೇ ಮಣ್ಣಾಗಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ಲಷ್ಕರದ ಕಚೇರಿಯ ಗುಮಾಸ್ತ ಪ್ರತಿ ಸಲವೂ ಬಹಳ ಮರ್ಯಾದೆಯಿಂದ, ಮುಂದಿನ ತಿಂಗಳು ಬನ್ನಿ ಬಾಯಿಯವರೇ ಎನ್ನುತ್ತಿದ್ದ. ಆ ಮರ್ಯಾದೆಗೆ ನನಗೆ ಮೈ ಉರಿಯುತ್ತಿತ್ತು.

ನನ್ನ ಸ್ವಭಾವ ನಿಮಗೆಲ್ಲ ಗೊತ್ತು. ಅನ್ನ ಬೇಯುವುದರೊಳಗೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುವವಳು ನಾನು. ಪ್ರಾರ್ಥನೆಯಲ್ಲೂ ಹಾಗೆಯೇ. ಮಂಡಿಯೂರಿದರೆ ನನ್ನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: ಇದ್ದಾರೆ ಅನ್ನು, ಇಲ್ಲದಿದ್ದರೆ ಇಲ್ಲ ಅನ್ನು, ನಡುವೆ ಇಡಬೇಡ. ದೇವರು ಎರಡನ್ನೂ ಅನ್ನಲಿಲ್ಲ. ಕೊನೆಕೊನೆಗೆ, ಸತ್ತಿದ್ದಾರೆ ಎಂದು ಯಾರಾದರೂ ಹೇಳಿಬಿಟ್ಟರೂ ಸಾಕು, ಒಂದು ರಾತ್ರಿ ನಿದ್ದೆ ಮಾಡುತ್ತೇನೆ ಅನ್ನಿಸುತ್ತಿತ್ತು. ಈಗ ಗಂಡನನ್ನೋ ಮಗನನ್ನೋ ಕಳಿಸಿ ಕೂತಿರುವ ಹೆಂಗಸರಿಗೆ ಈ ಮಾತು ಅರ್ಥವಾಗುತ್ತದೆ ಎಂದು ಬರೆದೆ. ನಿಮಗೂ ಹಾಗೆ ಅನ್ನಿಸಿದರೆ ನೀವು ಕೆಟ್ಟವರಲ್ಲ.

ಆ ಹೊತ್ತಿಗೆ ಬೆಟಗೇರಿಯಿಂದ ನಮ್ಮತ್ತೆ ಸತ್ಯವ್ವ ಒಂದು ಗಂಟು ಹಿಡಿದುಕೊಂಡು ನಮ್ಮ ಖೋಲಿಗೆ ಬಂದಿಳಿದಿದ್ದರು. ಊರು ಬಿಟ್ಟು ಹೊರಗೆ ಬಂದದ್ದೇ ಅದು ಮೊದಲ ಸಲ. ಮರಾಠಿ ಒಂದಕ್ಷರ ಬಾರದು. ನಮ್ಮ ಕೇರಿಯಲ್ಲಿ ಸುತ್ತ ಕನ್ನಡದವರೇ ಇದ್ದದ್ದರಿಂದ ಅದರ ಅಗತ್ಯವೂ ಬೀಳಲಿಲ್ಲ. ಅವರು ನನ್ನ ಹಾಗೆ ಅಳುತ್ತಿರಲಿಲ್ಲ, ಸಿಟ್ಟು ಮಾಡುತ್ತಿರಲಿಲ್ಲ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದಿಟ್ಟು, ಎಲ್ಲಿಗೋ ಹೋಗಿ, ಮಧ್ಯಾಹ್ನ ಬರುತ್ತಿದ್ದರು. ಗುಡಿಯ ಮೆಟ್ಟಿಲ ಮೇಲೆ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಾರೆ ಎಂದುಕೊಂಡು ನಾನು ಕೇಳುವ ಗೋಜಿಗೆ ಹೋಗಲಿಲ್ಲ. ಮಗನ ಬಗ್ಗೆ ಇಷ್ಟು ತಣ್ಣಗಿರಲು ತಾಯಿಗೆ ಹೇಗೆ ಸಾಧ್ಯ ಎಂದು ಒಳಗೊಳಗೆ ಕುದಿಯುತ್ತಿದ್ದೆ.

ಎರಡನೆಯ ಮಳೆಗಾಲ ಮುಗಿಯುತ್ತಲೇ ಹುಬ್ಬಳ್ಳಿಯಿಂದ ನಮ್ಮಣ್ಣ ಬಂದ. ಅವನು ಸುಮ್ಮನೆ ಬರಲಿಲ್ಲ, ನನ್ನ ಮುಂದಿನ ಬದುಕನ್ನು ಪೂರ್ತಿ ಜೋಡಿಸಿಕೊಂಡೇ ಬಂದಿದ್ದ. ಆ ಮರುಭೂಮಿಗೆ ಹೋದವರು ತಿರುಗಿ ಬರುವುದಿಲ್ಲವೆಂದು ತಿಳಿದವರೆಲ್ಲ ಹೇಳುತ್ತಾರೆ, ಬರುವ ಭಾನುವಾರ ಸಭೆಯಲ್ಲಿ ಸಮುವೇಲರ ಸ್ಮರಣೆಯ ಆರಾಧನೆ ಮಾಡಿಸೋಣ, ಸೋಮವಾರ ಮಿರಜದ ಗಾಡಿ ಹಿಡಿದು ಹುಬ್ಬಳ್ಳಿಗೆ ಹೊರಡೋಣ ಎಂದ. ಹುಬ್ಬಳ್ಳಿಯಲ್ಲಿ ಒಬ್ಬ ಮಾಸ್ತರರಿದ್ದರು, ಹೆಂಡತಿಯನ್ನು ಕಳೆದುಕೊಂಡವರು, ದೈವಭಕ್ತರು. ಅವರು ನನ್ನನ್ನೂ ಕೃಪಾಳನ್ನೂ ಒಪ್ಪಿದ್ದರು. ಸುಗ್ಗಿಯ ಸ್ತೋತ್ರದ ಹಬ್ಬ ಆದ ಮೇಲೆ ಮದುವೆ ಎಂದು ಮಾತಾಗಿತ್ತು.

ನಮ್ಮಣ್ಣನ ಮೇಲೆ ಯಾರೂ ತಪ್ಪು ಎಣಿಸಬಾರದು. ತಂಗಿಯ ಮೇಲಿನ ಪ್ರೀತಿಯಿಂದಲೇ ಓಡಾಡಿದ್ದ. “ಮಾರ್ಥವ್ವ, ಎಷ್ಟ ದಿನಾಂತ ಹಿಂಗ ಇರ್ತೀ? ಹೆಂಡತಿನೂ ಅಲ್ಲ, ವಿಧವಿನೂ ಅಲ್ಲ” ಎಂದಾಗ ಅವನ ಕಣ್ಣಲ್ಲೇ ನೀರಿತ್ತು. ಅವನ ಮಾತು ಸರಿಯಾದ ಜಾಗಕ್ಕೇ ಬಂದು ತಾಗಿತು. ನನಗೆ ಬೇಕಾಗಿದ್ದದ್ದು ಒಂದು ಮುಕ್ತಾಯ. ಹೂಂ ಎಂದೆ. ಅತ್ತೆಯವರಿಗೂ ಹೇಳಿದೆ. ಅವರು ರೊಟ್ಟಿಯ ಹಿಟ್ಟು ನಾದುತ್ತಿದ್ದರು, ಕೈ ನಿಲ್ಲಿಸಲಿಲ್ಲ.

ಶನಿವಾರ ಬೆಳಿಗ್ಗೆ ಪಾತ್ರೆಪಡಗ ಕಟ್ಟಲು ಕೂತರೆ ಅತ್ತೆ ಇಲ್ಲ. ಗುಡಿಯ ಮೆಟ್ಟಿಲ ಮೇಲೂ ಇಲ್ಲ. ಪಕ್ಕದ ಖೋಲಿಯ ಎಸ್ತೇರಮ್ಮ ಇದನ್ನೇ ಎದುರು ನೋಡುತ್ತಿದ್ದವರ ಹಾಗೆ, ಅಯ್ಯ, ನಿನಗೆ ಗೊತ್ತೇ ಇಲ್ಲವೇ, ಅವರು ದಿನಾ ವಾನವಡಿಯ ಆಚೆ ಲಷ್ಕರದ ಡೇರೆ ಆಸ್ಪತ್ರೆಯ ಬಾಗಿಲಿಗೆ ಹೋಗಿ ಕೂರುತ್ತಾರಲ್ಲ ಎಂದರು. ಬಸರಾದಿಂದ ಹಡಗಿನಲ್ಲಿ ಬಂದ ರೋಗಿಗಳನ್ನು ಮುಂಬಯಿಯಿಂದ ರೈಲಿನಲ್ಲಿ ತಂದು ಅಲ್ಲಿ ಇಳಿಸುತ್ತಿದ್ದರು. ಎಸ್ತೇರಮ್ಮನೇ ಯಾವಾಗಲೋ ಆ ಸುದ್ದಿಯನ್ನು ಅತ್ತೆಯ ಕಿವಿಗೆ ಹಾಕಿದ್ದರಂತೆ. ನಾನು ಕೃಪಾಳನ್ನು ಅಣ್ಣನ ಹತ್ತಿರ ಬಿಟ್ಟು, ಸೆರಗು ಸಿಕ್ಕಿಸಿ, ಆ ಬಿಸಿಲಲ್ಲಿ ನಡೆದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಬೈಗುಳ ಜೋಡಿಸಿಕೊಳ್ಳುತ್ತಾ ಹೋದೆ.

ಆಸ್ಪತ್ರೆ ಎಂದರೆ ಸಾಲು ಸಾಲು ಡೇರೆಗಳು, ನಡುವೆ ತಗಡಿನ ನಾಲ್ಕು ಶೆಡ್ಡುಗಳು, ಸುತ್ತ ತಂತಿ ಬೇಲಿ. ಬಾಗಿಲಲ್ಲಿ ಒಬ್ಬ ಪಹರೆಯವ. ಬಾಗಿಲ ಪಕ್ಕದ ಬೇವಿನ ಗಿಡದ ಕೆಳಗೆ ನಮ್ಮತ್ತೆ ಕಾಲು ಚಾಚಿ, ಬೀಗರ ಮನೆಯ ಪಡಸಾಲೆಯಲ್ಲಿ ಕೂತಷ್ಟು ನೆಮ್ಮದಿಯಿಂದ ಕೂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಪಹರೆಯವ ನನ್ನ ಹತ್ತಿರ ಓಡಿ ಬಂದ. ಧೋಂಡಿಬಾ ಎಂದು ಅವನ ಹೆಸರು, ಪಲಟಣಿನ ಪಿಂಚಣಿದಾರ, ದೊಡ್ಡ ಮೀಸೆ. ಈ ಅಜ್ಜಿ ನಿಮ್ಮವರೇ ಎಂದು ಮರಾಠಿಯಲ್ಲಿ ಕೇಳಿ ತನ್ನ ಗೋಳು ತೋಡಿಕೊಂಡ: ದಿನಾ ಬೆಳಿಗ್ಗೆ ಬರುತ್ತಾರೆ. ನಾನು ‘ಕಾಯ್?’ ಅನ್ನುತ್ತೇನೆ. ತಲೆಯಾಡಿಸಿ ಕೂತುಬಿಡುತ್ತಾರೆ. ‘ಕಾಯ್ ಪಾಹಿಜೆ?’ ಎಂದು ಗಟ್ಟಿಯಾಗಿ ಕೇಳಿದರೆ ಕೈಯೆತ್ತಿ ನನಗೇ ಸಮಾಧಾನ ಮಾಡಿ, ಕಾಯ್ತೀನಿ ಕಾಯ್ತೀನಿ ಅನ್ನುತ್ತಾರೆ. ಮೊದಮೊದಲು ನನ್ನನ್ನು ಅಣಕಿಸುತ್ತಾರೆ ಎಂದುಕೊಂಡೆ, ಈಗ ನಾನೇ ಕುಡಿಯಲು ನೀರು ಕೊಡುತ್ತೇನೆ ಎಂದ.

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಪುಣೆಯಲ್ಲಿ ನಾಲ್ಕು ದಿನ ಇದ್ದವರಿಗೂ ಗೊತ್ತು, ಮರಾಠಿಯಲ್ಲಿ ‘ಕಾಯ್’ ಎಂದರೆ ‘ಏನು’. ಅವನು ದಿನಾ, ಏನು, ಏನು ಬೇಕು ಎಂದು ಕೇಳುತ್ತಿದ್ದ. ಇವರು ಅದನ್ನು ನಮ್ಮ ಕನ್ನಡದ ‘ಕಾಯ್’ ಎಂದು ತಿಳಿದು, ಸರಕಾರದ ಮನುಷ್ಯನೇ ಕಾಯಲು ಹೇಳಿದ್ದಾನಲ್ಲ ಎಂದು ಇಷ್ಟು ದಿನ ವಿಧೇಯರಾಗಿ ಕಾದಿದ್ದರು.

“ಅತ್ತೀ, ಅಂವ ಕುಂಡ್ರು ಅಂತ ಹೇಳಿಲ್ಲ. ಏನ್ ಬೇಕು ಅಂತ ಕೇಳಾಕತ್ತಾನ. ಮರಾಠಿಯೊಳಗ ಕಾಯ್ ಅಂದ್ರ ಏನು ಅಂತ ಅರ್ಥ” ಎಂದು ನಾನು ಬಿಡಿಸಿ ಹೇಳಿದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನಾಚಿಕೊಳ್ಳುತ್ತಾರೆ ಎಂದು ನಾನು ಎಣಿಸಿದ್ದೆ. ನಾಚಲಿಲ್ಲ.

“ಅಂವ ಅಂದಿದ್ದು ಮರಾಠಿನ ಇರವಲ್ದ್ಯಾಕ. ದೇವರು ನನಗ ಕನ್ನಡದಾಗ ಕೇಳಿಸ್ಯಾನ” ಎಂದರು.

ಇಂಥವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲವೆಂದು ರಟ್ಟೆ ಹಿಡಿದು ಎಬ್ಬಿಸಿದೆ. ನಾಳೆ ಆರಾಧನೆ, ನಾಡಿದ್ದು ಗಾಡಿ, ಏಳಿರಿ ಎಂದೆ. ಅಷ್ಟರಲ್ಲಿ ಧೋಂಡಿಬಾ, ನಮ್ಮ ಜಗಳ ನೋಡಿ ಏನಾದರೂ ಹಗುರ ಮಾತಾಡಬೇಕೆಂದಿರಬೇಕು, ನಗುತ್ತಾ ಒಂದು ಸುದ್ದಿ ಹೇಳಿದ. ಒಳಗೆ ಕೊನೆಯ ಶೆಡ್ಡಿನಲ್ಲೂ ನಿಮ್ಮ ಅಜ್ಜಿಯಂಥವನೇ ಒಬ್ಬನಿದ್ದಾನೆ, ಜ್ವರದಲ್ಲಿ ಸದಾ ಕಾಯ್ ಕಾಯ್ ಅನ್ನುತ್ತಾನೆ, ವಾರ್ಡಿನವರು ಕಾಯ್ ಎಂದು ಕೇಳಿದರೆ ತಿರುಗಿ ಕಾಯ್ ಅನ್ನುತ್ತಾನೆ, ಅವನಿಗೆ ಏನು ಬೇಕೆಂದು ದೇವರಿಗೇ ಗೊತ್ತು ಎಂದ.

ನನ್ನ ಕೈ ಅತ್ತೆಯ ರಟ್ಟೆಯ ಮೇಲೆಯೇ ನಿಂತಿತು. ಕಾಯ್ ಎಂದ ಮೇಲೆ ಮತ್ತೇನು ಹೇಳುತ್ತಾನೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅಲ್ಲಿಯೇ ಹೋಗುತ್ತಿದ್ದ ವಾರ್ಡಿನವನನ್ನು ಕೂಗಿ ಕರೆದ. ಕೊಂಢವಾ ಹಳ್ಳಿಯ ಆ ಮನುಷ್ಯ ಬೀಡಿ ಆರಿಸಿ, ರೋಗಿಯ ಧ್ವನಿಯನ್ನು ಅನುಕರಿಸಿ ತೋರಿಸಿದ: “ಕಾಯ್ ಯಪ್ಪಾ, ಕಾಯ್.”

ನಮ್ಮವರು ಪ್ರತಿ ರಾತ್ರಿ ಪ್ರಾರ್ಥನೆ ಮುಗಿಸುವಾಗ ಪರಲೋಕದ ತಂದೆಗೆ ಹೇಳುತ್ತಿದ್ದ ಮಾತು ಅದೇ. ಕಾಯ್ ಯಪ್ಪಾ, ಕಾಪಾಡು. ನಾನು ಬೇಲಿ ಹಿಡಿದು ಕೂಗಿಕೊಂಡೆ. ವಾರ್ಡಿನವ ಹೆದರಿ ಒಳಗೆ ಓಡಿ ದೊರೆಸಾನಿ ನರ್ಸಮ್ಮನನ್ನು ಕರೆತಂದ. ಹಾದಿಯಲ್ಲಿ ಬಟ್ಟೆಬರೆ ಕಳೆದುಕೊಂಡು ಬಂದ ರೋಗಿ, ಯಾವ ಪಡೆಯವನೋ ಹೆಸರೇನೋ ತಿಳಿದಿಲ್ಲ, ಕೊಟ್ಟದ್ದನ್ನು ಉಣ್ಣುವುದಿಲ್ಲ, ನಿಮಗೆ ಅವನ ಮಾತು ತಿಳಿಯುವುದಾದರೆ ಬನ್ನಿ ಎಂದು ಆಕೆ ಹೇಳಿದರು.

ಶೆಡ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ ಆ ನಡಿಗೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕರ್ತನೇ ಸ್ತೋತ್ರ, ಕರ್ತನೇ ಸ್ತೋತ್ರ ಎನ್ನುತ್ತಾ ಹೋದೆ. ಕೊನೆಯ ಮಂಚದ ಹತ್ತಿರ ಹೋಗಿ ಬಗ್ಗಿ ಮುಖ ನೋಡಿದೆ.

ಅವರಲ್ಲ.

ಬೇರೆ ಯಾರೋ. ಅಗಲ ಹಣೆ, ಕಿವಿಯಲ್ಲಿ ಚುಚ್ಚಿದ ತೂತು, ನಮ್ಮವರಿಗಿಂತ ಎಷ್ಟೋ ಚಿಕ್ಕವನು. ನಾನು ಸ್ತೋತ್ರ ಎಂದು ಕೂಗಿದ ಅದೇ ಬಾಯಿಂದ ದೇವರಿಗೆ ಏನೆಂದೆನೋ ಅದನ್ನು ಇಲ್ಲಿ ಬರೆಯಲಾರೆ. ಕಂಬಕ್ಕೆ ಒರಗಿ ನಿಂತೆ. ಅತ್ತೆಯ ಮುಖವೂ ಒಂದು ಗಳಿಗೆ ಬಾಡಿತು, ನಾನು ನೋಡಿದೆ. ಆಮೇಲೆ ಅವರು ಮಂಚದ ಪಕ್ಕ ನೆಲದ ಮೇಲೆ ಕೂತು ಅವನ ಹಣೆಯ ಮೇಲೆ ಕೈಯಿಟ್ಟು, “ಯಾವೂರಪಾ ನಿಂದು, ಮಗನ?” ಎಂದರು. ಕನ್ನಡ ಕಿವಿಗೆ ಬಿದ್ದದ್ದೇ ಆ ಹುಡುಗ ಕಣ್ಣು ತೆರೆದು, “ಯವ್ವಾ” ಎಂದು ಅವರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ನವಲಗುಂದದ ಕಡೆಯ ಭರಮಪ್ಪ ಎಂಬವನು, ಹೇಸರಗತ್ತೆಗಳ ಪಡೆಯಲ್ಲಿದ್ದವನು. ನಮ್ಮ ಮತದವನಲ್ಲ. ಏನು ಉಣ್ಣುತ್ತೀಯೆಂದು ಕೇಳಿದರೆ, ಜೋಳದ ಅಂಬಲಿ ಎಂದ.

ನಾಳೆ ತರುತ್ತೇನೆ ಎಂದು ಅತ್ತೆ ಮಾತು ಕೊಟ್ಟುಬಿಟ್ಟರು. ಹೊರಗೆ ಬಂದ ಮೇಲೆ ನಾನು, ನಾಳೆ ಸ್ಮರಣೆಯ ಆರಾಧನೆ ಇದೆಯೆಂಬುದನ್ನು ಮರೆತಿರೇ ಎಂದು ಕೇಳಿದೆ. ಅವರು ಪುಣೆಗೆ ಬಂದ ಮೇಲೆ ಮೊದಲ ಸಲ ನನ್ನ ಮಾತಿಗೆ ಎದುರು ಹೇಳಿದರು. “ಸತ್ತಾನಂತ ದೇವರು ಹೇಳಿಲ್ಲ. ಕಾಯ್ ಅಂದಾನ. ನೀ ಹುಬ್ಬಳ್ಳಿಗೆ ಹೋಗಂಗಿದ್ರ ಹೋಗವ್ವಾ, ನಾ ಬೈಯಂಗಿಲ್ಲ. ಈ ಹುಡುಗ ಉಣ್ಣೂತನಕ ನಾ ಬರಂಗಿಲ್ಲ.”

ಅಷ್ಟು ದೊಡ್ಡ ಊರಿನಲ್ಲಿ ಮರಾಠಿ ಬಾರದ ಮುದುಕಿಯನ್ನು ಒಬ್ಬಳೇ ಬಿಟ್ಟು ಹೋಗುವುದು ಹೇಗೆ? ಆ ದಿನ ನಾನು ಪುಣೆಯಲ್ಲಿ ಉಳಿದದ್ದು ವಿಶ್ವಾಸದಿಂದಲ್ಲ, ಪ್ರಿಯರೇ, ಅತ್ತೆಯ ಹಟದಿಂದ. ಸ್ಮರಣೆಯ ಆರಾಧನೆ ಮಾಡಿಸಲಿಲ್ಲ. ಅಣ್ಣ ಮುನಿಸಿಕೊಂಡು ಸೋಮವಾರ ಒಬ್ಬನೇ ಗಾಡಿ ಹತ್ತಿದ. ಸ್ವಲ್ಪ ದಿನ ಕಳೆದು ಬರುತ್ತೇನೆ ಎಂದು ಅವನಿಗೆ ಹೇಳಿ ಕಳಿಸಿದೆ.

ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಅತ್ತೆ ಅಂಬಲಿ ಕಾಯಿಸುವುದು, ನಾನು ಹೊತ್ತು ಒಯ್ಯುವುದು. ಭರಮಪ್ಪ ಚೇತರಿಸಿಕೊಂಡ. ನಮ್ಮವರನ್ನು ಎಲ್ಲಾದರೂ ನೋಡಿದ್ದೀಯಾ ಎಂದು ಕೇಳಿದೆ. ಇಲ್ಲ, ಆ ಹೆಸರೇ ಕೇಳಿಲ್ಲ ಎಂದ. ಇದನ್ನು ಓದುವಾಗ ನೀವು ಅವನೇ ಸುದ್ದಿ ತಂದಿರಬೇಕು ಎಂದುಕೊಂಡಿರಬಹುದು. ನಾನೂ ಹಾಗೆಯೇ ಎಂದುಕೊಂಡಿದ್ದೆ. ದೇವರ ಕೆಲಸ ನಾವು ಹಾಕಿಕೊಟ್ಟ ಗೆರೆಯ ಮೇಲೆ ನಡೆಯುವುದಿಲ್ಲ. ಭರಮಪ್ಪ ಅತ್ತೆಯ ಕಾಲಿಗೆ ಬಿದ್ದು ನವಲಗುಂದಕ್ಕೆ ಹೋದ, ನಮಗೆ ಸಮುವೇಲರ ಸುದ್ದಿ ಮಾತ್ರ ಸಿಗಲಿಲ್ಲ.

ಆದರೆ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯ ರೋಗಿಗಳು ಬರುತ್ತಲೇ ಇದ್ದರು. ಅವರ ಮಾತು ತಿಳಿದು ಹೇಳಲು ನರ್ಸಮ್ಮ ನನ್ನನ್ನು ಕರೆಸತೊಡಗಿದರು, ಆಮೇಲೆ ರೋಗಿಗಳ ಅಡಿಗೆಮನೆಯಲ್ಲಿ ಕೆಲಸಕ್ಕೇ ಇಟ್ಟುಕೊಂಡರು. ನನ್ನ ಬಾಯಿ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಗಂಜಿ ಒಲ್ಲೆ ಎಂದವನನ್ನು ಬೈದು ಕುಡಿಸುತ್ತಿದ್ದೆ, ಔಷಧ ಉಗಿದವನ ಮೂಗು ಹಿಡಿಯುತ್ತಿದ್ದೆ. ಹುಡುಗರು ನನಗೆ ಜಗಳಗಂಟಿ ಅಕ್ಕ ಎಂದು ಹೆಸರಿಟ್ಟರು. ಪ್ರಾರ್ಥನೆಯೂ ನನಗೆ ಗೊತ್ತಾಗದೆ ಬದಲಾಗಿತ್ತು. ಒಂದು ದಿನ ಪಾತ್ರೆ ತೊಳೆಯುತ್ತಾ ನಿಂತಾಗ ಹೊಳೆಯಿತು, ಇದ್ದಾರೋ ಇಲ್ಲವೋ ಹೇಳು ಎಂದು ದೇವರನ್ನು ಕೇಳದೆ ಎಷ್ಟೋ ದಿನಗಳಾಗಿವೆ ಎಂದು. ಬೆಳಿಗ್ಗೆ ಎದ್ದ ಕೂಡಲೇ, ಇವತ್ತು ಯಾರಿಗೆ ಗಂಜಿ ಕುಡಿಸಬೇಕೋ ಅವರನ್ನು ತೋರಿಸು ಎಂದಷ್ಟೇ ಕೇಳುತ್ತಿದ್ದೆ. ನಾಳೆಯ ಭಯ ಹೋಗಿರಲಿಲ್ಲ, ಆದರೆ ಅದರ ಜೊತೆ ಕೂತು ಉಣ್ಣಲು ಬರುತ್ತಿತ್ತು.

ಹುಬ್ಬಳ್ಳಿಯ ಮಾಸ್ತರರು ಎಷ್ಟು ದಿನ ಎಂದು ಕೂರುತ್ತಾರೆ, ಮರುವರ್ಷ ಬೇರೆ ಮದುವೆಯಾದರು. ಅಣ್ಣ ಅದನ್ನು ತಿಳಿಸಿದಾಗ ಒಂದು ರಾತ್ರಿಯೆಲ್ಲ ನಾನು ಎಚ್ಚರವಿದ್ದೆ. ಇದ್ದ ಒಂದು ದಾರಿಯನ್ನೂ ಮುಚ್ಚಿಕೊಂಡೆನಲ್ಲ, ಅತ್ತೆ ಕಣ್ಣು ಮುಚ್ಚಿದರೆ ಈ ಕೂಸನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಅನ್ನಿಸಿತು. ಅತ್ತೆ ಪಕ್ಕದಲ್ಲಿ ಮಲಗಿದ್ದವರು ನನ್ನ ತಲೆ ಸವರಿದರು, ಅಷ್ಟೇ. ಬೆಳಿಗ್ಗೆ ಇಬ್ಬರೂ ಎಂದಿನಂತೆ ಜೋಳ ಬೀಸಿದೆವು.

ಯುದ್ಧ ನಿಂತಿತು. ಊರೆಲ್ಲ ಬಾವುಟ ಹಾರಿಸಿದರು. ಸೆರೆಯಿಂದ ಬಿಡಿಸಿ ತಂದವರು ತಂಡ ತಂಡವಾಗಿ ಬರುತ್ತಾರೆಂದು ಕೇಳಿ ನಾನು ಪ್ರತಿ ಗಾಡಿಗೂ ಓಡಿದೆ, ಪ್ರತಿ ಮುಖವನ್ನೂ ನೋಡಿದೆ. ಮೊದಲ ತಂಡಗಳಲ್ಲಿ ಅವರಿರಲಿಲ್ಲ. ಬಂದವರನ್ನು ಕೇಳಿದರೆ ತಲೆಯಾಡಿಸುತ್ತಿದ್ದರು. ಚಳಿಗಾಲ ಮುಗಿಯುತ್ತಾ ಬಂತು, ಗಾಡಿಗಳು ಕಡಿಮೆಯಾದವು. ಇನ್ನು ಬರುವವರು ಯಾರೂ ಇಲ್ಲ ಎಂದು ಧೋಂಡಿಬಾ ಕೂಡ ಮೆಲ್ಲಗೆ ಹೇಳಿದ. ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ನಿಂತು, ಕರ್ತನೇ, ನಿನ್ನ ಚಿತ್ತ ಅವರು ಬಾರದಿರುವುದೇ ಆಗಿದ್ದರೆ ನಾನು ಒಪ್ಪಿಕೊಳ್ಳುತ್ತೇನೆ, ನನ್ನ ಕೈ ಮಾತ್ರ ಬಿಡಬೇಡ ಎಂದೆ. ಅಷ್ಟು ಹೇಳಲು ನನಗೆ ಮೂರು ಮಳೆಗಾಲ ಬೇಕಾಯಿತು.

ಅದಾದ ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ, ವಾರ್ಡಿನವ ಅಡಿಗೆಮನೆಗೆ ಬಂದು ಎರಡನೆಯ ಶೆಡ್ಡಿನಲ್ಲಿ ಹೊಸಬನೊಬ್ಬ ಊಟ ಮುಟ್ಟುತ್ತಿಲ್ಲ, ನೀವು ಬಂದು ಬೈದರೆ ಆದೀತು ಎಂದ. ನಾನು ಗಂಜಿಯ ಬಟ್ಟಲು ಹಿಡಿದು ಹೋದೆ. ಮನುಷ್ಯ ಗೋಡೆಯ ಕಡೆ ತಿರುಗಿ, ತಲೆತನಕ ಕಂಬಳಿ ಹೊದ್ದು ಮಲಗಿದ್ದ. ಯಾವ ಭಾಷೆಯವನೋ ತಿಳಿಯದು. ನನಗೆ ಬೈಯಲು ಬರುವುದು ಕನ್ನಡದಲ್ಲೇ ತಾನೆ, ಬೈದೆ. “ಹಡದವ್ವ ಎಲ್ಲೋ ಕುಂತು ನಿನ್ನ ಹಾದಿ ಕಾಯಾಕತ್ತಿರತಾಳ, ನೀ ಇಲ್ಲಿ ಮಾರಿ ತಿರುವಿ ಮಲಗೀದಿ. ನಾಚಿಕಿ ಐತೇನ ನಿನಗ? ಏಳು, ಕುಡಿ.”

ಕಂಬಳಿಯೊಳಗೆ ಮೈ ಅಲುಗಿತು. ಒಳಗಿನಿಂದ ಸಣ್ಣ ಧ್ವನಿ ಬಂತು.

“ಮಾರ್ಥಾ, ನಾ ಬಂದೀನಿ. ಇನ್ನ ಬೈಬ್ಯಾಡ.”

ಬಟ್ಟಲು ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ಮೂಳೆ ಚಕ್ಕಳ ಬಿಟ್ಟರೆ ಆ ಮೈಯಲ್ಲಿ ಏನೂ ಉಳಿದಿರಲಿಲ್ಲ, ಕೂದಲು ಪೂರ್ತಿ ನರೆತಿತ್ತು. ಬೀದಿಯಲ್ಲಿ ಎದುರಾಗಿದ್ದರೆ ಯಾರೋ ಮುದುಕ ಎಂದು ದಾಟಿ ಹೋಗುತ್ತಿದ್ದೆ. ಅವರೂ ನನ್ನನ್ನು ನೋಡಿ ಗುರುತಿಸಲಿಲ್ಲ, ಬೈಗುಳದಿಂದ ಗುರುತಿಸಿದರು. ನಾನು ಅವರ ಕಾಲು ಹಿಡಿದುಕೊಂಡು ಅತ್ತ ಅಳುವಿಗೆ ಇಡೀ ಶೆಡ್ಡು ಎದ್ದು ಕೂತಿತಂತೆ.

ಅತ್ತೆಯನ್ನು ಧೋಂಡಿಬಾ ಟಾಂಗಾದಲ್ಲಿ ಕೂರಿಸಿ ಕರೆತಂದ. ಅವರು ಮಗನ ಮಂಚದ ಪಕ್ಕ, ಹಿಂದೆ ಭರಮಪ್ಪನ ಪಕ್ಕ ಕೂತಿದ್ದ ಹಾಗೆಯೇ ನೆಲದ ಮೇಲೆ ಕೂತು, ಹಣೆಯ ಮೇಲೆ ಕೈಯಿಟ್ಟು, “ಉಂಡ್ಯಾ?” ಎಂದು ಕೇಳಿದರು. ಇಲ್ಲ ಎಂದರು ನಮ್ಮವರು. ಅದಕ್ಕೆ ಅತ್ತೆ ನನ್ನ ಕಡೆ ತಿರುಗಿ, ಮತ್ತೆ ಅಳುತ್ತಾ ಯಾಕೆ ನಿಂತಿದ್ದೀ ಎಂದರು. ನಾನು ಅಡಿಗೆಮನೆಗೆ ಓಡಿದೆ.

ಮನೆಗೆ ಬಂದ ಮೇಲೆ, ತಿಂಗಳುಗಳು ಕಳೆದು, ಅವರು ಒಂದಿಷ್ಟು ಹೇಳಿದರು. ಮರುಭೂಮಿಯ ಹಾದಿಯಲ್ಲಿ ಕಾಲು ಸೋತು ಬಿದ್ದಾಗ ಜೊತೆಯವರನ್ನು ಮುಂದೆ ಹೊಡೆದುಕೊಂಡು ಹೋದರಂತೆ. ಅಲ್ಲಿನ ಹಳ್ಳಿಯ ಮುದುಕಿಯೊಬ್ಬಳು ಇವರನ್ನು ಎಳೆದು ನೆರಳಿಗೆ ಹಾಕಿ, ಎಷ್ಟೋ ದಿನ ಮೊಸರಿನ ನೀರು, ರೊಟ್ಟಿಯ ಚೂರು ಕೊಟ್ಟು ಬದುಕಿಸಿದಳಂತೆ. ಇವರ ಮಾತು ಅವಳಿಗೆ ತಿಳಿಯದು, ಅವ್ವಾ ಎಂದದ್ದು ಮಾತ್ರ ತಿಳಿಯುತ್ತಿತ್ತಂತೆ. ಅವಳು ಯಾವ ಮತದವಳು ಎಂದು ನಾನು ಕೇಳಿದೆ. ಕೇಳುವ ಹಾಗಿರಲಿಲ್ಲ ಎಂದರು. ಮತ್ತೆ ಸೈನಿಕರ ಕೈಗೆ ಸಿಕ್ಕಿ, ರೈಲು ದಾರಿ ಹಾಕುವ ಕೆಲಸದಲ್ಲಿ ದುಡಿದು, ಕೊನೆಗೆ ಎಲ್ಲರಿಗಿಂತ ಹಿಂದೆ ಬಿಡುಗಡೆಯಾದರು. ನಮ್ಮತ್ತೆ ಇಲ್ಲಿ ಯಾರದೋ ಮಗನಿಗೆ ಅಂಬಲಿ ಕುಡಿಸುತ್ತಿದ್ದ ಕಾಲದಲ್ಲಿ ಅಲ್ಲಿ ಯಾರದೋ ತಾಯಿ ಇವರನ್ನು ನೋಡಿಕೊಂಡಳು. ಇದನ್ನು ನೆನೆದಾಗಲೆಲ್ಲ ನನಗೆ ಮಂಡಿಯೂರದೆ ಇರಲಾಗುವುದಿಲ್ಲ. ಅಣ್ಣನ ಮಾತು ಕೇಳಿ ಆ ಸೋಮವಾರ ಗಾಡಿ ಹತ್ತಿದ್ದರೆ, ಇವರು ಬದುಕಿ ಬಂದ ದಿನ ನಾನು ಇನ್ನೊಬ್ಬರ ಹೆಂಡತಿಯಾಗಿರುತ್ತಿದ್ದೆ. ಒಬ್ಬ ಪಹರೆಯವನ ಬಾಯಿಯ ಒಂದು ಮಾತನ್ನು ನಮ್ಮತ್ತೆ ತಪ್ಪಾಗಿ ಕೇಳಿಸಿಕೊಂಡದ್ದರಿಂದ ದೇವರು ನನ್ನ ಮನೆಯನ್ನು ಉಳಿಸಿಕೊಟ್ಟನು. ತಪ್ಪು ಎಂದು ನಾನು ಬರೆದೆ. ಅತ್ತೆ ಕೊನೆಯವರೆಗೂ ಅದನ್ನು ತಪ್ಪೆಂದು ಒಪ್ಪಲಿಲ್ಲ.

ಅತ್ತೆ ಈಗ ಕರ್ತನ ಹತ್ತಿರ ಇದ್ದಾರೆ. ನಮ್ಮವರು ಇಲ್ಲಿಯೇ ಬಾಗಿಲಲ್ಲಿ ಕೂತು ಡೇರೆಯ ಬಟ್ಟೆ ಹೊಲಿಯುತ್ತಿದ್ದಾರೆ, ನಾನು ಬರೆದದ್ದರಲ್ಲಿ ತಮ್ಮನ್ನು ಬೈದ ಭಾಗವನ್ನು ತೆಗೆಯಬೇಡ ಎನ್ನುತ್ತಾರೆ. ಅವರು ಬಂದ ಮೇಲೆ ನಮಗೆ ಒಬ್ಬ ಮಗ ಹುಟ್ಟಿದ. ಅವನ ಹೆಸರು ಆನಂದ, ಲಾರಿ ನಡೆಸುತ್ತಾನೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ, ಎಲ್ಲರಿಗೂ ಗೊತ್ತಿಲ್ಲ, ಅವನು ಪಡೆಯ ಜೊತೆ ಬರ್ಮಾಕ್ಕೆ ಹೋಗಿದ್ದಾನೆ. ಹೋದ ದೀಪಾವಳಿಯಿಂದ ಅವನ ಸುದ್ದಿಯಿಲ್ಲ. ಆ ಹುಡುಗಿ ನನ್ನ ಸೆರಗು ಹಿಡಿದು ಕೇಳಿದಾಗ ಉತ್ತರ ಬಾರದಿದ್ದದ್ದು ಅದಕ್ಕೇ.

ಅವನು ಬರುತ್ತಾನೆ ಎಂದು ನನಗೆ ಯಾರೂ ಹೇಳಿಲ್ಲ. ಬರುವುದಿಲ್ಲ ಎಂದೂ ಹೇಳಿಲ್ಲ. ಹಿಂದೆ ಇಷ್ಟಕ್ಕೇ ಹುಚ್ಚು ಹಿಡಿಯುತ್ತಿದ್ದ ನನಗೆ ಈಗ ರಾತ್ರಿ ನಿದ್ದೆ ಬರುತ್ತದೆ, ಬಾರದ ರಾತ್ರಿ ನಾವಿಬ್ಬರೂ ಎದ್ದು ಕೂತು ಪ್ರಾರ್ಥಿಸುತ್ತೇವೆ, ಬೆಳಿಗ್ಗೆ ಕೆಲಸಕ್ಕೆ ಏಳುತ್ತೇವೆ. ಇಷ್ಟು ಕೃಪೆ ಕೊಟ್ಟ ದೇವರಿಗೆ ಸ್ತೋತ್ರ. ಮಗಳೇ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ಬರುವ ಭಾನುವಾರ ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಬಂದು ಕೂತುಕೋ. ಪ್ರಾರ್ಥನೆಯಲ್ಲಿ ನೀನು ನನ್ನ ಆನಂದನ ಹೆಸರು ಹೇಳು, ನಾನು ನಿನ್ನ ಗಂಡನ ಹೆಸರು ಹೇಳುತ್ತೇನೆ.